ದಕ್ಷಿಣ ಕನ್ನಡಕ್ಕೆ ಸೇರಿದ್ದ ಹವಳದ ದಿಬ್ಬಗಳು

1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯಲ್ಲಿ ಹೊಸ ಮೈಸೂರು ರಾಜ್ಯಕ್ಕೆ ಯಾವ ಯಾವ ಪ್ರದೇಶ ಸೇರಬೇಕು ಎಂಬ ಪಟ್ಟಿಯೊಂದಿದೆ. ಅದರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಹೆಸರು ಬರುವಾಗ ಎರಡು ಪ್ರದೇಶಗಳನ್ನು ಕಳೆದೇ ಬರೆದಿದ್ದಾರೆ. ಒಂದು ಕಾಸರಗೋಡು ತಾಲೂಕು, ಇನ್ನೊಂದು ಅಮಿನ್‌ದಿವಿ ದ್ವೀಪಗಳು. ಕಾಸರಗೋಡು ಕೇರಳಕ್ಕೆ ಸೇರಿದ ಕತೆ ಅಲ್ಲಿನ ಬದಿಯಡ್ಕ ಪೇಟೆಯಲ್ಲಿ ಚಹಾ ಕುಡಿಯುವ ಯಾರನ್ನು ಕೇಳಿದರೂ ಗೊತ್ತು. ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷದ ಬಾಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಆ ನೋವನ್ನು ಹಾಡಿದರು, ಭಾಷಣದಲ್ಲಿ ಗುಡುಗಿದರು. ಗಡಿ ವಿವಾದದ ಮಹಾಜನ ವರದಿ, ಚಂದ್ರಗಿರಿ ಹೊಳೆಯ ಗಡಿ, ಕನ್ನಡ ಶಾಲೆಗಳ ಪಾಡು ಇವೆಲ್ಲ ಇಲ್ಲಿನ ಮನೆಮಾತು. ಅದೇ ವಾಕ್ಯದಲ್ಲಿ ಪಕ್ಕಕ್ಕೇ ಕೂತಿರುವ ಎರಡನೆಯ ಹೆಸರು ಮಾತ್ರ ಯಾರ ಬಾಯಲ್ಲೂ ಉಳಿದಿಲ್ಲ.

ಅಮಿನ್‌ದಿವಿ ಎಂದರೆ ಈಗಿನ ಲಕ್ಷದ್ವೀಪದ ಉತ್ತರ ಭಾಗ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳು. ಮಂಗಳೂರಿನಿಂದ ನೈಋತ್ಯಕ್ಕೆ ಸುಮಾರು ಮುನ್ನೂರು ಕಿಲೋಮೀಟರ್ ಸಮುದ್ರ ದಾಟಿದರೆ ಸಿಗುತ್ತವೆ. 1799ರಿಂದ 1956ರವರೆಗೆ, ಅಂದರೆ 157 ವರ್ಷ, ಇವುಗಳ ಆಡಳಿತ ನಡೆದದ್ದು ಮಂಗಳೂರಿನಿಂದ. ಬದಿಯಡ್ಕ, ನೀರ್ಚಾಲು, ಕುಂಬಳೆಯ ಅಡಿಕೆ ತೋಟಗಳಿಗೆ ತೀರ್ವೆ ಹಾಕುತ್ತಿದ್ದ ಕಲೆಕ್ಟರರ ಕೈಯಲ್ಲೇ ಈ ಹವಳದ ದ್ವೀಪಗಳೂ ಇದ್ದವು. ಕಡಲಿಂದ ಹತ್ತಿಪ್ಪತ್ತು ಕಿಲೋಮೀಟರ್ ಒಳಗಿರುವ, ಜಂಬಿಟ್ಟಿಗೆ ಕಲ್ಲಿನ ಗುಡ್ಡಗಳ ಬದಿಯಡ್ಕಕ್ಕೂ ಹವಳದ ದಿಬ್ಬಕ್ಕೂ ಒಂದೇ ಜಿಲ್ಲೆಯ ಮುದ್ರೆ ಬೀಳುತ್ತಿತ್ತು.

ಈ ದ್ವೀಪಗಳಲ್ಲಿ ನಮ್ಮ ಕಡೆಯಂಥ ಮಣ್ಣಿಲ್ಲ, ಹೊಳೆಯಿಲ್ಲ, ಗುಡ್ಡವಿಲ್ಲ. ಕಾಲಿಟ್ಟ ನೆಲವೆಲ್ಲ ಸತ್ತ ಹವಳದ ಪುಡಿ ಮತ್ತು ತುಣುಕು. ಕಡಲಿನೊಳಗೆ ಮುಳುಗಿರುವ ಉದ್ದದ ಬೆಟ್ಟಸಾಲೊಂದರ ತಲೆಯ ಮೇಲೆ ಹವಳದ ಹುಳುಗಳು ಸಾವಿರಾರು ವರ್ಷ ಸುಣ್ಣ ಕಟ್ಟುತ್ತ ಬಂದು ದಿಬ್ಬವಾದವು. ದಿಬ್ಬದ ಹೊರ ಅಂಚಿಗೆ ಅರಬ್ಬೀ ಸಮುದ್ರದ ಅಲೆ ಬಡಿದು ನೊರೆಯಾಗುತ್ತದೆ. ಒಳಗೆ ಎದೆಮಟ್ಟದ, ಆಳೆತ್ತರದ ಹಸಿರು ನೀರು ಕೊಳದಂತೆ ನಿಂತಿರುತ್ತದೆ, ಅದೇ ಲಗೂನ್. ಅಲೆ ಒಡೆದು ತಂದ ಚೂರುಗಳು, ಗಿಳಿಮೀನು ಹವಳವನ್ನು ಕಚ್ಚಿ ಅರೆದು ಹೊರಹಾಕಿದ ಬಿಳಿ ಮರಳು ಒಂದು ಪಕ್ಕಕ್ಕೆ ರಾಶಿಬಿದ್ದು, ಅದರ ಮೇಲೆ ತೆಂಗು ಬೇರೂರಿ, ಜನ ಬಂದು ಕೂತರೆ ದ್ವೀಪ. ಮಳೆನೀರು ಈ ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ. ಅದಕ್ಕೇ ಅಲ್ಲಿನ ಬಾವಿಗಳಲ್ಲಿ ಭರತ ಬಂದಾಗ ನೀರು ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ದಿಬ್ಬ ಗಟ್ಟಿಯಾಗಿರುವವರೆಗೆ ನೆಲ, ನೀರು, ತೆಂಗು, ಮನುಷ್ಯ ಎಲ್ಲವೂ ಉಂಟು. ಅದು ಸವೆದರೆ ಒಂದೂ ಇಲ್ಲ.

1847ರ ಏಪ್ರಿಲ್‌ನಲ್ಲಿ ಬೀಸಿದ ಚಂಡಮಾರುತ ಇದನ್ನು ಕಟುವಾಗಿ ತೋರಿಸಿತು. ದಕ್ಷಿಣದ ಕಲ್ಪೇನಿ, ಅಂದ್ರೋತ್ ದ್ವೀಪಗಳ ಮೇಲೆ ಕಡಲು ಹಾದುಹೋಯಿತು. ಆಗ ಅಲೆ ಎತ್ತಿ ಎಸೆದ ಹವಳದ ಬಂಡೆಗಳ ಒಡ್ಡು ಕಲ್ಪೇನಿಯ ಪೂರ್ವದಂಡೆಯಲ್ಲಿ ಈಗಲೂ ಕಾಣುತ್ತದೆ. ಆ ಅನಾಹುತದ ಮೇಲೆ ವಿಲಿಯಂ ರಾಬಿನ್ಸನ್ ಎಂಬ ಅಧಿಕಾರಿ ದ್ವೀಪಗಳಿಗೆ ಹೋಗಿ 1848ರಲ್ಲಿ ವರದಿ ಬರೆದ. ಇಂಗ್ಲಿಷರ ಕಚೇರಿಗಳಲ್ಲಿ ಈ ದ್ವೀಪಗಳ ಜನರ ಬಗ್ಗೆ ತಿಳಿವಳಿಕೆ ಎಂಬುದು ಶುರುವಾದದ್ದು ಹೆಚ್ಚುಕಡಿಮೆ ಅಲ್ಲಿಂದ.

ಅಮಿನ್‌ದಿವಿ ಮಂಗಳೂರಿನ ಕೈಗೆ ಬಂದ ಬಗೆಯೂ ಸ್ವಾರಸ್ಯದ್ದು. ಕೋಲತ್ತಿರಿ ಅರಸರಿಂದ ಕಣ್ಣೂರಿನ ಅರಕ್ಕಲ್ ಮನೆತನಕ್ಕೆ ಹೋಗಿದ್ದ ದ್ವೀಪಗಳಿವು. ಅರಕ್ಕಲ್‌ನವರು ದ್ವೀಪದ ನಾರನ್ನೆಲ್ಲ ತಮಗೇ ಮಾರಬೇಕೆಂದು ಕಟ್ಟುಮಾಡಿದರು, ಬೆಲೆಯನ್ನೂ ತಾವೇ ಇಟ್ಟರು. ಅವರ ಆಳುಗಳ ಉಪಟಳ ತಾಳಲಾರದೆ 1780ರ ದಶಕದಲ್ಲಿ ಅಮಿನಿಯ ಕೆಲವರು ಓಡ ಹತ್ತಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನಲ್ಲಿ ದೂರಿಟ್ಟರು. ಅರಕ್ಕಲ್ ಬೀಬಿಯೊಡನೆ ಟಿಪ್ಪುವಿಗೆ ಒಳ್ಳೆಯ ಸಂಬಂಧವೇ ಇತ್ತು. ಮಾತುಕತೆಯಾಗಿ ಉತ್ತರದ ಐದು ದ್ವೀಪಗಳು ಮೈಸೂರಿಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೆನರಾದ ಜೊತೆಗೇ ಅವು ಕಂಪನಿಯ ವಶವಾದವು. ಥಾಮಸ್ ಮನ್ರೋ ಕೆನರಾದ ಮೊದಲ ಕಲೆಕ್ಟರನಾಗಿ ಬಂದದ್ದು ಆಗಲೇ. ದಕ್ಷಿಣದ ದ್ವೀಪಗಳು ಅರಕ್ಕಲ್‌ನವರಲ್ಲೇ ಉಳಿದು, ಬಾಕಿ ಸಾಲ, ಜಪ್ತಿ, ತಕರಾರು ಎಂದು ಎಳೆದಾಡಿ ಕೊನೆಗೆ 1908-09ರಲ್ಲಿ ಪೂರ್ತಿ ಸರ್ಕಾರದ್ದಾದವು. ಅವು ಮಲಬಾರ್ ಜಿಲ್ಲೆಗೆ. ಒಂದೇ ದ್ವೀಪಸಮೂಹ ಹೀಗೆ ಎರಡು ಜಿಲ್ಲೆಗಳ ನಡುವೆ ಹಂಚಿಹೋಯಿತು. ಅದಕ್ಕೆ ಕಾರಣ ಅಮಿನಿಯ ನಾಲ್ಕು ಜನ ಓಡ ಹತ್ತಿದ್ದು.

ಕಂಪನಿ ಬಂದ ಮೇಲೆ ದಬ್ಬಾಳಿಕೆ ತಗ್ಗಿರಬಹುದು, ನಾರಿನ ಏಕಸ್ವಾಮ್ಯ ಮಾತ್ರ ತಗ್ಗಲಿಲ್ಲ. ಅಮಿನ್‌ದಿವಿಯಲ್ಲಿ ಭೂಕಂದಾಯದ ಬದಲಿಗೆ ನಾರೇ ಕಂದಾಯ. ದ್ವೀಪದವರು ಹೊಸೆದ ಹುರಿಯನ್ನು ಸರ್ಕಾರವೇ ನಿಗದಿಯ ಬೆಲೆಗೆ ಕೊಳ್ಳುತ್ತಿತ್ತು. ಪ್ರತಿಫಲ ಬಹುಪಾಲು ಅಕ್ಕಿಯ ರೂಪದಲ್ಲಿ. ಆ ಹುರಿಯನ್ನು ಮಂಗಳೂರಿನಲ್ಲಿ ಮಾರಿ ಬಂದ ಲಾಭ ಖಜಾನೆಗೆ. ಅಕ್ಕಿ ಎಂಬ ವಸ್ತು ದ್ವೀಪದಲ್ಲಿ ಬೆಳೆಯುವುದೇ ಇಲ್ಲ, ದಕ್ಷಿಣ ಕನ್ನಡದಲ್ಲೋ ಹೊರಗೆ ಕಳಿಸುವಷ್ಟು ಬೆಳೆಯುತ್ತಿತ್ತು. ಹಾಗಾಗಿ ಎರಡೂ ಕಡೆಯ ಹೊಟ್ಟೆ ಒಂದಕ್ಕೊಂದು ಗಂಟುಬಿದ್ದಿತ್ತು; ಗಂಟಿನ ತುದಿ ಕಲೆಕ್ಟರರ ಕೈಯಲ್ಲಿ. ತೆಂಗಿನಕಾಯಿ, ಕಳ್ಳಿನ ಬೆಲ್ಲ, ವಿನೆಗರ್, ಕವಡೆ, ಕಡಲಾಮೆಯ ಚಿಪ್ಪು ಇವನ್ನು ಬಂದರಿನ ವರ್ತಕರಿಗೆ ಮಾರಿಕೊಳ್ಳಬಹುದಾಗಿತ್ತು.

ಈ ನಾರಿನ ಕೆಲಸವನ್ನು ಹತ್ತಿರದಿಂದ ನೋಡಿದರೆ ಹವಳದ ದಿಬ್ಬಕ್ಕೂ ಮಂಗಳೂರಿನ ಖಜಾನೆಗೂ ಇದ್ದ ನಂಟು ತಿಳಿಯುತ್ತದೆ. ತೆಂಗಿನಕಾಯಿ ಸುಲಿದ ಸಿಪ್ಪೆಯನ್ನು ನಮ್ಮ ಕಡೆ ಹೊಳೆಬದಿಯ ಕೆಸರಿನಲ್ಲೋ ಹಿನ್ನೀರಿನಲ್ಲೋ ಕೊಳೆಹಾಕುತ್ತಾರೆ, ಆಗ ನಾರು ಕಪ್ಪಾಗುತ್ತದೆ. ದ್ವೀಪದವರಿಗೆ ಹೊಳೆಯಿಲ್ಲ, ಕೆಸರೂ ಇಲ್ಲ. ಅವರು ಲಗೂನಿನ ದಂಡೆಯ ಮರಳಿನಲ್ಲಿ ಗುಂಡಿ ತೋಡಿ ಸಿಪ್ಪೆ ತುಂಬಿ, ಅಲೆ ಎಳೆದೊಯ್ಯದಂತೆ ಮೇಲೆ ಹವಳದ ಕಲ್ಲು ಹೇರುತ್ತಾರೆ. ದಿನಕ್ಕೆರಡು ಬಾರಿ ಭರತದ ನೀರು ಮರಳೊಳಗೆ ನುಗ್ಗಿ ಗುಂಡಿಯನ್ನು ತೊಳೆಯುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ಹತ್ತಿರ ಹಾಗೆ ಬಿಟ್ಟು, ಹೆಂಗಸರು ಅದನ್ನು ತೆಗೆದು ಕೋಲಿನಿಂದ ಬಡಿದು, ಉಪ್ಪುನೀರಿನಲ್ಲೇ ಜಾಲಿಸಿ, ಒಣಗಿಸಿ, ಅಂಗೈಯಲ್ಲಿ ಹೊಸೆಯುತ್ತಾರೆ. ಶುದ್ಧ ಕಡಲನೀರಿನಲ್ಲಿ ನೆನೆದ ಆ ನಾರು ಹೊನ್ನಿನ ಬಣ್ಣದ್ದು, ಹಡಗಿನ ಹಗ್ಗಕ್ಕೆ ಹೇಳಿ ಮಾಡಿಸಿದ್ದು. ಹೊರಗಿನ ಅಲೆಯನ್ನು ದಿಬ್ಬ ತಡೆಯದೆ ಇದ್ದರೆ ದಂಡೆಯಲ್ಲಿ ಒಂದು ಗುಂಡಿಯೂ ಒಂದು ವಾರ ನಿಲ್ಲಲಾರದು.

ಮಂಗಳೂರಿನ ತಕ್ಕಡಿ ತೂಗಿದ್ದು ಹುರಿಯನ್ನು. ಅದನ್ನು ಸಾಧ್ಯಮಾಡಿದ ದಿಬ್ಬವನ್ನು ಯಾವ ಕಡತವೂ ಆಸ್ತಿಯೆಂದು ಬರೆದುಕೊಳ್ಳಲಿಲ್ಲ.

ದ್ವೀಪದಲ್ಲಿ ಸರ್ಕಾರ ಎಂದರೆ ಒಬ್ಬ ಮೊನೆಗಾರ. ಕಚೇರಿ ಅಮಿನಿಯಲ್ಲಿ, ಸಣ್ಣಪುಟ್ಟ ವ್ಯಾಜ್ಯ ತೀರಿಸುವುದು, ನಾರಿನ ಲೆಕ್ಕ ಇಡುವುದು, ದ್ವೀಪದ ಹಿರಿಯರನ್ನು ಕೂಡಿಸಿ ತೀರ್ಮಾನ ಹೇಳುವುದು ಎಲ್ಲ ಅವನ ಪಾಲಿಗೆ. ಇಲಿಬೇಟೆಯೂ ಒಂದು ರಾಜಕಾರ್ಯವೇ ಆಗಿತ್ತು. ತೆಂಗಿನ ಮರದ ತುದಿಯಲ್ಲಿ ಮನೆಮಾಡಿ ಎಳಗಾಯಿ ಕೊರೆಯುವ ಇಲಿಗಳನ್ನು ಹಿಡಿಯಲು ಗಂಡಸರೆಲ್ಲ ಒಟ್ಟಾಗಿ ಇಳಿಯಬೇಕು. ಅಡಿಕೆ ತೋಟದಲ್ಲಿ ಮಂಗ ಓಡಿಸಿ ಸುಸ್ತಾದ ಬದಿಯಡ್ಕದ ಕೃಷಿಕನಿಗೆ ಆ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ಬಂದರೆ ಓಡಗಳನ್ನು ದಡಕ್ಕೆ ಎಳೆದು ಮಡಲಿನ ಮಾಡು ಹಾಕುತ್ತಿದ್ದರು. ಮಳೆಗಾಲ ಮುಗಿಯುವವರೆಗೆ ಜಿಲ್ಲಾ ಕೇಂದ್ರಕ್ಕೂ ದ್ವೀಪಗಳಿಗೂ ಯಾವ ಸುದ್ದಿಯೂ ಇಲ್ಲ. ಸೆಪ್ಟೆಂಬರ್ ಕಳೆದ ಮೇಲೆ ಮಾಲ್ಮಿಗಳು, ಅಂದರೆ ನಕ್ಷತ್ರ ನೋಡಿ ದಾರಿ ಹಿಡಿಯುವ ನಾವಿಕರು, ರಹ್ಮಾನಿ ಎಂಬ ಕೈಬರಹದ ಪುಸ್ತಕಗಳ ಲೆಕ್ಕ ಹಿಡಿದು ಮಂಗಳೂರಿನ ಕಡೆ ಹಾಯಿ ಎತ್ತುತ್ತಿದ್ದರು.

ಹಾಗೆ ಬಂದ ಸರಕು ಎಲ್ಲಿಗೆ ಹೋಯಿತು? ಹಡಗಿಗೆ, ಮೀನುಗಾರರ ಬಲೆಗೆ, ಬಾವಿಯ ರಾಟೆಗೆ, ದನದ ಕೊರಳಿಗೆ, ಮರ ಹತ್ತುವವನ ಕಾಲಿನ ತಳೆಗೆ. ಕರಾವಳಿಯ ಹಳೆಯ ಮನೆಗಳಲ್ಲಿ ಕತ್ತದ ಬಳ್ಳಿಯಿಲ್ಲದೆ ಬೆಳಗಾಗುತ್ತಿರಲಿಲ್ಲ. ಇಂಥ ಮನೆಯ ಇಂಥ ಹಗ್ಗ ಅಮಿನಿಯದೇ ಎಂದು ಯಾರೂ ಗುರುತಿಟ್ಟವರಿಲ್ಲ, ಇಡುವ ಅಗತ್ಯವೂ ಇರಲಿಲ್ಲ.

ಕವಡೆಯ ವಿಷಯ ಇನ್ನೂ ಸೊಗಸು. ಬದಿಯಡ್ಕದ ಸುತ್ತಮುತ್ತ ದೇವಸ್ಥಾನದ ಜೀರ್ಣೋದ್ಧಾರಕ್ಕೋ ತರವಾಡು ಮನೆಯ ತೊಡಕಿಗೋ ಅಷ್ಟಮಂಗಲ ಪ್ರಶ್ನೆ ಇಡಿಸುವ ರೂಢಿ ಇವತ್ತಿಗೂ ಬಲವಾಗಿದೆ. ದೈವಜ್ಞರು ರಾಶಿಚಕ್ರ ಬರೆದು, ದೀಪದ ಮುಂದೆ 108 ಕವಡೆಗಳನ್ನು ಕೈಯಾಡಿಸಿ ಮೂರು ಪಾಲು ಮಾಡುತ್ತಾರೆ. ಪ್ರತಿ ಪಾಲನ್ನೂ ಎಂಟೆಂಟಾಗಿ ಕಳೆಯುತ್ತ ಬಂದು ಉಳಿದ ಸಂಖ್ಯೆಯಿಂದ ಫಲ ಹೇಳುತ್ತಾರೆ. ಚಾಪೆಯ ಮೇಲೆ ಸರಸರ ಸದ್ದುಮಾಡುವ ಆ ನುಣುಪಾದ, ಹಳದಿ ಛಾಯೆಯ ಚಿಕ್ಕ ಕವಡೆ ಹವಳದ ದಿಬ್ಬದ ನಿವಾಸಿ. ದಿಬ್ಬದ ಮೇಲಿನ ತಿಳಿನೀರಿನಲ್ಲಿ ಕಲ್ಲಿನ ಸಂದಿ, ಸತ್ತ ಹವಳದ ಅಡಿ ಇವೇ ಅದರ ಮನೆ. ಪಾಚಿ ಅದರ ಊಟ. ಕುಂಬಳೆಯ ಮರಳುದಂಡೆಯಲ್ಲಿ ಹುಡುಕಿದರೆ ಸಿಗುವಂಥದ್ದಲ್ಲ. ದೊಡ್ಡ ಮೂಲ ಮಾಲ್ಡೀವ್ಸ್. ಬಂಗಾಳದಲ್ಲಿ ಚಿಲ್ಲರೆ ಹಣವಾಗಿ, ಪಶ್ಚಿಮ ಆಫ್ರಿಕದಲ್ಲಿ ಗುಲಾಮರ ಬೆಲೆಯಾಗಿ ಜಗತ್ತು ಸುತ್ತಿದ ಕವಡೆ ಬಹುಪಾಲು ಅಲ್ಲಿಯದು. ಅದೇ ಕವಡೆ ನಮ್ಮ ದ್ವೀಪಗಳಲ್ಲೂ ಹೆಕ್ಕಲ್ಪಟ್ಟು ಮಂಗಳೂರು, ಕಣ್ಣೂರುಗಳಿಗೆ ಬರುತ್ತಿತ್ತು. ನಮ್ಮ ಭಾಗದ ಭವಿಷ್ಯವನ್ನು ಶತಮಾನಗಳಿಂದ ಹವಳದ ದಿಬ್ಬದ ಹುಳುವೊಂದರ ಚಿಪ್ಪು ಹೇಳಿದೆ, ದಿಬ್ಬದ ಭವಿಷ್ಯವನ್ನು ಕೇಳಿದವರು ಇಲ್ಲ.

ಕೇಳಿದವರು ಹೊರಗಿನವರು. ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಹವಳದ ದಿಬ್ಬಗಳ ರಚನೆಯ ಬಗ್ಗೆ ಪುಸ್ತಕ ತಂದ. ಮುಳುಗುತ್ತಿರುವ ಬೆಟ್ಟದ ಸುತ್ತ ಹವಳ ಮೇಲೇಳುತ್ತ ಹೋಗುವುದರಿಂದಲೇ ಬಳೆಯಾಕಾರದ ದ್ವೀಪಗಳಾಗುತ್ತವೆ ಎಂಬ ಅವನ ವಾದಕ್ಕೆ ಪ್ರಪಂಚದ ದಿಬ್ಬಗಳನ್ನೆಲ್ಲ ಪಟ್ಟಿಮಾಡುವಾಗ ಲಕ್ಷದ್ವೀಪವನ್ನೂ ಸೇರಿಸಿದ. ಅವನು ಇಲ್ಲಿಗೆ ಬಂದವನಲ್ಲ, ಹಿಂದೂ ಮಹಾಸಾಗರದಲ್ಲಿ ಕಣ್ಣಾರೆ ಕಂಡದ್ದು 1836ರಲ್ಲಿ ಕೋಕೋಸ್ ದ್ವೀಪಗಳನ್ನು. ಮುಂದೆ ಕಾಂಗ್ರೆಸ್ ಸ್ಥಾಪಕರಲ್ಲಿ ಒಬ್ಬನಾದ ಅಲನ್ ಆಕ್ಟೇವಿಯನ್ ಹ್ಯೂಮ್ 1875ರಲ್ಲಿ ಲಕ್ಷದ್ವೀಪ ಮತ್ತು ಪಶ್ಚಿಮ ಕರಾವಳಿಯ ಹಕ್ಕಿಗಳನ್ನು ನೋಡಲು ಹೊರಟ; ಮರುವರ್ಷ ತನ್ನ ಪಕ್ಷಿಪತ್ರಿಕೆಯಲ್ಲಿ ವಿವರವಾಗಿ ಬರೆದ. ಕೇಂಬ್ರಿಜ್‌ನ ಸ್ಟ್ಯಾನ್ಲಿ ಗಾರ್ಡಿನರ್ 1899-1900ರಲ್ಲಿ ಮಿನಿಕಾಯ್ ಮತ್ತು ಮಾಲ್ಡೀವ್ಸ್‌ನ ದಿಬ್ಬಗಳನ್ನು ಅಳೆದು ಜೀವಿಗಳನ್ನು ಸಂಗ್ರಹಿಸಿದ. ಮದ್ರಾಸಿನ ಮೀನುಗಾರಿಕೆಯ ಅಧಿಕಾರಿ ಜೇಮ್ಸ್ ಹಾರ್ನೆಲ್ 1908ರಲ್ಲಿ ಮಲಬಾರ್ ಕರಾವಳಿಯಿಂದ ಈ ದ್ವೀಪಗಳವರೆಗೆ ಮೀನು ಹುಡುಕಿ ಹೋದ. ದಕ್ಷಿಣ ಕನ್ನಡದ ಆಡಳಿತದ ಬರವಣಿಗೆಯನ್ನು ನೋಡಬೇಕೆಂದರೆ 1894-95ರಲ್ಲಿ ಸ್ಟರಕ್ ಮತ್ತು ಹೆರಾಲ್ಡ್ ಸ್ಟುವರ್ಟ್ ಹೊರತಂದ ಜಿಲ್ಲಾ ಕೈಪಿಡಿಯ ಎರಡು ಸಂಪುಟಗಳಿವೆ. ಕಾಸರಗೋಡು, ಉಪ್ಪಿನಂಗಡಿ, ಕುಂದಾಪುರಗಳಂತೆ ಅಮಿನ್‌ದಿವಿಯೂ ಆ ಜಿಲ್ಲೆಯ ಒಂದು ಅಂಗ.

ದಿಬ್ಬಕ್ಕೆ ಆ ಕಾಲದಲ್ಲಿ ದೊಡ್ಡ ಪೆಟ್ಟು ಬೀಳಲಿಲ್ಲ. ಅದನ್ನು ದ್ವೀಪದವರ ಪರಿಸರಪ್ರಜ್ಞೆ ಎಂದು ಹಾಡಿಹೊಗಳುವುದು ಸುಲಭ, ಅಷ್ಟು ನಿಜವಲ್ಲ. ಅವರು ಹವಳದ ಕಲ್ಲಿನಲ್ಲೇ ಮನೆ, ಮಸೀದಿ, ಗೋರಿ ಕಟ್ಟಿದರು, ಹವಳವನ್ನೇ ಸುಟ್ಟು ಸುಣ್ಣ ಮಾಡಿದರು. ಆಮೆ ಹಿಡಿದು ಅದರ ಎಣ್ಣೆಯನ್ನು ಓಡದ ಹಲಗೆಗೆ ಬಳಿದರು. ಬಿತ್ರಾಕ್ಕೆ ಹೋಗಿ ಕಡಲಹಕ್ಕಿಯ ಮೊಟ್ಟೆ ತಂದರು. ಆದರೆ ಜನ ಕೆಲವೇ ಸಾವಿರ, ಅವರಿಗಿದ್ದ ಆಯುಧ ಕೈ ಮತ್ತು ಕೋಲು. ಮೊಣಕಾಲು ನೀರಿನಲ್ಲಿ ಇಳಿತದ ಹೊತ್ತಿಗೆ ಕಲ್ಲು ಎತ್ತಿ ಹೆಕ್ಕುವ ಏಡಿ, ಕವಡೆ, ಅಷ್ಟಪಾದಿಗೆ ದಿಬ್ಬ ಸುಲಭವಾಗಿ ಮರುಭರ್ತಿ ಕೊಡುತ್ತಿತ್ತು. ಬಡತನವೂ ದೂರವೂ ಸೇರಿ ಕಾಪಾಡಿದ್ದನ್ನು ಬೇರೆ ಹೆಸರಿನಿಂದ ಕರೆಯಬೇಕಾಗಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ದಿನ ಲಕ್ಕದೀವ್, ಮಿನಿಕಾಯ್ ಮತ್ತು ಅಮಿನ್‌ದಿವಿ ದ್ವೀಪಗಳು ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಆಡಳಿತ ಕಚೇರಿ ಮೊದಲು ಕೋಝಿಕ್ಕೋಡಿನಲ್ಲಿ, 1964ರಿಂದ ಕವರತ್ತಿಯಲ್ಲಿ. 1973ರ ನವೆಂಬರ್ 1ರಂದು ಲಕ್ಷದ್ವೀಪ ಎಂಬ ಹೆಸರು ಬಂತು. ದ್ವೀಪದವರ ಆಡುಮಾತು ಮಲಯಾಳದ ಕವಲಾದ ಜಸರಿ. ಅವರನ್ನು ಕನ್ನಡ ನಾಡು ಕೇಳುವ ಪ್ರಶ್ನೆ ಹುಟ್ಟಲಿಲ್ಲ, ಹುಟ್ಟಬೇಕಾಗಿಯೂ ಇರಲಿಲ್ಲ. ಕಾಸರಗೋಡಿನದು ಭಾಷೆಯ ತಕರಾರು, ಅಮಿನ್‌ದಿವಿಯದು ಹಾಗಲ್ಲ. ಆದರೂ ಒಂದೂವರೆ ಶತಮಾನ ಒಟ್ಟಿಗೆ ಇದ್ದವರ ನೆನಪು ಒಂದು ಪೀಳಿಗೆಯಲ್ಲೇ ಅಳಿಸಿಹೋದದ್ದು ಸೋಜಿಗ. ಮಂಗಳೂರಿನ ಜಿಲ್ಲಾ ಚರಿತ್ರೆ ಹೇಳುವ ಭಾಷಣಗಳಲ್ಲಿ ಅಬ್ಬಕ್ಕ ಬರುತ್ತಾಳೆ, ಟಿಪ್ಪು ಬರುತ್ತಾನೆ, ಬಾಸೆಲ್ ಮಿಷನ್ ಬರುತ್ತದೆ, ಅಮಿನಿ ಬರುವುದಿಲ್ಲ.

ಆಡಳಿತ ಕಡಿದರೂ ತೆಂಗು ಕಡಿಯಲಿಲ್ಲ. ಕಾಸರಗೋಡಿನಲ್ಲಿ 1916ರಲ್ಲಿ ಮದ್ರಾಸ್ ಸರ್ಕಾರ ಶುರುಮಾಡಿದ ತೆಂಗಿನ ಸಂಶೋಧನಾ ಕೇಂದ್ರವೇ ಮುಂದೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿ.ಪಿ.ಸಿ.ಆರ್.ಐ. ಆಯಿತು. ಅಲ್ಲಿನವರು ಹವಳದ ಮರಳಿನಲ್ಲಿ ಬೆಳೆದ ಲಕ್ಷದ್ವೀಪದ ಎತ್ತರ ತಳಿಯನ್ನು ತಂದು ಬೆಳೆಸಿ, ಆರಿಸಿ, ‘ಚಂದ್ರಕಲ್ಪ’ ಎಂಬ ಹೆಸರಿನಲ್ಲಿ ಕೃಷಿಕರಿಗೆ ಕೊಟ್ಟರು. ಕಾಯಿ ಚಿಕ್ಕದು, ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬರ ತಡೆಯುತ್ತದೆ. ಅದನ್ನು ಗಿಡ್ಡತಳಿಯೊಡನೆ ಕೂಡಿಸಿ ‘ಚಂದ್ರಲಕ್ಷ’ವೂ ಬಂತು. ಈ ಭಾಗದ ತೋಟಗಳಲ್ಲಿ ಚಂದ್ರಕಲ್ಪ ನೆಟ್ಟವರು ತಿಳಿದೋ ತಿಳಿಯದೆಯೋ ಹಳೆಯ ನೆರೆಯವನನ್ನು ಅಂಗಳಕ್ಕೆ ಕರೆದುಕೊಂಡಿದ್ದಾರೆ.

ದ್ವೀಪಗಳಲ್ಲಿ ಆಮೇಲೆ ಆದ ದೊಡ್ಡ ಬದಲಾವಣೆ ಮೀನಿನದು. ಮಿನಿಕಾಯ್‌ನವರಿಗೆ ಮಾಲ್ಡೀವ್ಸ್‌ನವರಂತೆ ಕೋಲುಗಾಳದಲ್ಲಿ ಸೂರೆಮೀನು (ಟ್ಯೂನಾ) ಹಿಡಿಯುವ ವಿದ್ಯೆ ಗೊತ್ತಿತ್ತು. 1960ರ ದಶಕದಿಂದ ಮೀನುಗಾರಿಕೆ ಇಲಾಖೆ ಅದನ್ನು ಉಳಿದ ದ್ವೀಪಗಳಿಗೂ ಕಲಿಸಿತು. ಲಗೂನಿನ ಹವಳದ ಸಂದಿಗಳಲ್ಲಿ ಗುಂಪುಗಟ್ಟುವ ಬೆರಳುದ್ದದ ಮರಿಮೀನುಗಳನ್ನು ಜೀವಂತ ಹಿಡಿದು, ಹೊರಗಡಲಿಗೆ ಒಯ್ದು ಎರಚಿದರೆ ಸೂರೆ ಮುಗಿಬೀಳುತ್ತದೆ. ದೋಣಿಯ ಹಿಂಬದಿ ಸಾಲಾಗಿ ನಿಂತವರು ಒಂದೊಂದನ್ನೇ ಎಳೆದು ಹಾಕುತ್ತಾರೆ. ಬಲೆ ಬೇಡ, ಟ್ರಾಲರ್ ಬೇಡ. ಇದರಿಂದ ದೊರೆತ ಅನುಕೂಲವನ್ನು ಯಾರೂ ಮೊದಲೇ ಯೋಜಿಸಿದ್ದಲ್ಲ. ಜನರ ಕಣ್ಣು ಹೊರಗಡಲಿಗೆ ತಿರುಗಿದ್ದರಿಂದ ದಿಬ್ಬದ ಮೀನುಗಳು ಬಹಳ ಮಟ್ಟಿಗೆ ಬದುಕಿಕೊಂಡವು. ಗಿಳಿಮೀನು, ಸರ್ಜನ್ ಮೀನುಗಳು ಪಾಚಿ ಮೇಯುತ್ತಿದ್ದರೆ ಮಾತ್ರ ಹವಳದ ಮರಿ ಕೂರಲು ಬರಿಕಲ್ಲು ಸಿಗುತ್ತದೆ. ಭಾರತದ ಬೇರೆ ಹವಳದ ಕಡಲುಗಳಿಗೆ ಇಂಥ ಪುಣ್ಯ ಸಿಕ್ಕಿದ್ದು ಕಡಿಮೆ.

ಆ ಪುಣ್ಯ ಬೇಕಾಗಿ ಬಂದದ್ದು 1998ರಲ್ಲಿ. ಹವಳದ ಹುಳು ತನ್ನ ಮೈಯೊಳಗೆ ಸೂಕ್ಷ್ಮ ಪಾಚಿಯನ್ನು ಸಾಕಿಕೊಂಡಿರುತ್ತದೆ. ಪಾಚಿ ಬಿಸಿಲಿನಲ್ಲಿ ಅಡಿಗೆ ಮಾಡುತ್ತದೆ, ಹುಳು ಉಣ್ಣುತ್ತದೆ, ಬಣ್ಣವೂ ಅದರಿಂದಲೇ. ಕಡಲ ನೀರು ವಾಡಿಕೆಯ ಬೇಸಿಗೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ನಿಂತರೆ ಹುಳು ಆ ಪಾಚಿಯನ್ನು ಹೊರಹಾಕುತ್ತದೆ. ಬಿಳಿಚಿದ ಹವಳ ಉಪವಾಸ ಕೂರುತ್ತದೆ. ನೀರು ಬೇಗ ತಣಿದರೆ ಚೇತರಿಕೆ, ಇಲ್ಲವಾದರೆ ಸಾವು. 1998ರ ಎಲ್ ನಿನೋದಲ್ಲಿ ಲಕ್ಷದ್ವೀಪದ ದಿಬ್ಬಗಳು ಹಾಗೆ ಬಿಳಿಚಿದವು. 2010ರಲ್ಲಿ ಮತ್ತೆ, 2016ರಲ್ಲಿ ಮತ್ತೆ, 2024ರಲ್ಲಿ ಇನ್ನೊಮ್ಮೆ. ಗುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್‌ನ ಆಸುಪಾಸು ಬೆಳೆಯುವಂಥದ್ದು. ಎರಡು ಹೊಡೆತಗಳ ನಡುವೆ ಆರೆಂಟು ವರ್ಷ ಸಿಕ್ಕರೆ ಅದು ಎಷ್ಟು ಕಟ್ಟೀತು?

ಇದನ್ನು ಕಾಲು ಶತಮಾನ ಬಿಡದೆ ನೋಡಿದವರು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ರೋಹನ್ ಆರ್ಥರ್ ಮತ್ತು ಅವರ ಬಳಗ. ಮಂಗಳೂರಿನ ಕಲೆಕ್ಟರರು ಎಣಿಸದೆ ಬಿಟ್ಟದ್ದನ್ನು ಮೈಸೂರಿನವರು ನೀರಿಗೆ ಇಳಿದು ಎಣಿಸಿದರು. ಅಗತ್ತಿ, ಕವರತ್ತಿ ಮತ್ತು ಹಳೆಯ ಅಮಿನ್‌ದಿವಿಯ ಕಡಮತ್‌ಗಳಲ್ಲಿ 1998ರಲ್ಲಿ ಶೇಕಡಾ 37ರಷ್ಟಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇಕಡಾ 20ಕ್ಕಿಂತ ಕೆಳಗೆ ಇಳಿದಿದೆ ಎಂದು ಅವರ ಅಧ್ಯಯನ ಹೇಳುತ್ತದೆ. ಪ್ರತಿ ಬಿಳಿಚುವಿಕೆಯಲ್ಲೂ ಸಾಯುವ ಹವಳದ ಪಾಲು ಕಡಿಮೆಯಾಗುತ್ತ ಬಂದಿರುವುದೊಂದೇ ಸಮಾಧಾನ, ಆದರೆ ಚೇತರಿಸಿಕೊ‌ಳ್ಳಲು ಸಿಗುವ ಬಿಡುವೂ ಮೊಟಕಾಗುತ್ತಿದೆ. ಇದೇ ಸಮುದ್ರದಲ್ಲಿ ಇನ್ನೊಂದು ವಿಚಿತ್ರವನ್ನೂ ಸಂಶೋಧಕರು ದಾಖಲಿಸಿದ್ದಾರೆ. 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿ ಹೆಚ್ಚಿದ ಹಸಿರು ಕಡಲಾಮೆಗಳು ಅಗತ್ತಿಯ ಲಗೂನಿನ ಕಡಲಹುಲ್ಲನ್ನು ಬುಡಮಟ್ಟ ಮೇಯ್ದು ಮುಂದಿನ ದ್ವೀಪಗಳಿಗೆ ಸಾಗಿದವು. ಹುಲ್ಲಿನಲ್ಲಿ ಬೆಳೆಯುವ ಮೀನು ಇಲ್ಲವಾಯಿತೆಂದು ಮೀನುಗಾರರಿಗೂ ಆಮೆಗೂ ವೈರ ಹುಟ್ಟಿತು. ಸಂರಕ್ಷಣೆ ಎಂದರೆ ಒಂದು ಪ್ರಾಣಿಯ ಹೆಸರನ್ನು ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವುದಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ.

2001ರಲ್ಲಿ ದಿಬ್ಬ ಕಟ್ಟುವ ಹವಳಗಳೂ ಕಡಲಸೌತೆಗಳೂ ಅದೇ ಕಾಯಿದೆಯ ಮೊದಲ ಅನುಸೂಚಿಗೆ ಸೇರಿದವು. ಈಗ ಹವಳದ ಕಲ್ಲು ಎತ್ತುವಂತಿಲ್ಲ, ಸುಣ್ಣ ಸುಡುವಂತಿಲ್ಲ. ಹಾಗಾದರೆ ದ್ವೀಪದಲ್ಲಿ ಮನೆ ಕಟ್ಟಲು ಏನು? ಮಂಗಳೂರಿನ ಹಳೆ ಬಂದರಿಗೆ ಅಕ್ಟೋಬರ್ ನಂತರ ಹೋದರೆ ಉತ್ತರ ಕಣ್ಣಿಗೆ ಬೀಳುತ್ತದೆ. ಮರದ ಮಂಜಿಗಳಿಗೆ ಜಲ್ಲಿ, ಮರಳು, ಸಿಮೆಂಟು, ಕಬ್ಬಿಣ ಹೇರುತ್ತಿರುತ್ತಾರೆ. ಪಕ್ಕದಲ್ಲಿ ಈರುಳ್ಳಿ, ತರಕಾರಿಯ ಚೀಲಗಳು. ಹಿಂದೆ ಅಕ್ಕಿ ಹೋಗುತ್ತಿದ್ದ ದಾರಿಯಲ್ಲಿ ಈಗ ಕಲ್ಲು ಹೋಗುತ್ತದೆ. ಹವಳ ಉಳಿಯಲಿ ಎಂದು ನಮ್ಮ ಗುಡ್ಡ, ಹೊಳೆ ಕರಗುವುದು ಲೆಕ್ಕದ ಇನ್ನೊಂದು ಬದಿ.

ಹವಳ ಕರ್ನಾಟಕದ ಪಾಲಿಗೆ ಪೂರ್ತಿ ಹೋಗಿಬಿಟ್ಟಿಲ್ಲ. ಮುರ್ಡೇಶ್ವರದಿಂದ ಸುಮಾರು ಹತ್ತು ನಾಟಿಕಲ್ ಮೈಲಿ ದೂರದ ನೇತ್ರಾಣಿಯ ಬಂಡೆಗಳ ಅಡಿಯಲ್ಲಿ ಹವಳವಿದೆ, ಮೇಲೆ ಬಿಳಿಹೊಟ್ಟೆಯ ಕಡಲಹದ್ದು ಗೂಡುಕಟ್ಟುತ್ತದೆ. ಅದೇ ಗುಡ್ಡ ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆ ಗುರಿಯೂ ಆಗಿತ್ತು. ವಿಜ್ಞಾನಿಗಳೂ ಪರಿಸರದವರೂ ವರ್ಷಗಟ್ಟಲೆ ಬೇಡವೆಂದು ಹೇಳುತ್ತ ಬಂದರು. ಈಗ ಅಲ್ಲಿ ಸ್ಕೂಬಾ ದೋಣಿಗಳ ಸಾಲು.

ಇನ್ನು ಬಿತ್ರಾ. ಐದರಲ್ಲಿ ಅತಿ ಚಿಕ್ಕದು; ನೆಲ ಇಪ್ಪತ್ತಾರು ಎಕರೆ, ಅಂದರೆ ಬದಿಯಡ್ಕದ ಕಡೆಯ ಒಬ್ಬ ದೊಡ್ಡ ಅಡಿಕೆ ಬೆಳೆಗಾರನ ತೋಟದಷ್ಟು. ಅದನ್ನು ಸುತ್ತುವರಿದ ಲಗೂನ್ ಮಾತ್ರ 45 ಚದರ ಕಿಲೋಮೀಟರ್. 1945ರವರೆಗೆ ಅಲ್ಲಿ ಖಾಯಂ ವಾಸ ಇರಲಿಲ್ಲ, ಹಕ್ಕಿಗಳದೇ ರಾಜ್ಯ. ಚೆತ್ಲತ್‌ನಿಂದ ಬಂದವರು ನೆಲೆಸಿ ಊರಾಯಿತು, 2011ರ ಜನಗಣತಿಯಲ್ಲಿ 271 ಜನ. ಈ ದಿಬ್ಬದ ಒಂದು ಜಾಗದಲ್ಲಿ ವರ್ಷದ ಕೆಲವು ಅಮಾವಾಸ್ಯೆಗಳ ಸುತ್ತ ಗೊಬ್ರ ಜಾತಿಯ ಮೀನುಗಳು ದಟ್ಟವಾಗಿ ನೆರೆದು ಮೊಟ್ಟೆಯಿಡುತ್ತವೆ. ಅಷ್ಟು ದಟ್ಟಣೆ ಬೇರೆಲ್ಲೂ ಕಂಡದ್ದು ಅಪರೂಪ ಎನ್ನುತ್ತಾರೆ ಸಂಶೋಧಕರು. ಆ ದಿನಗಳಲ್ಲಿ ಅಲ್ಲಿ ಗಾಳ ಹಾಕದಿರಲು ಬಿತ್ರಾದವರು ಒಪ್ಪಿದ್ದೂ ಉಂಟು. ಯಾವ ಕಲೆಕ್ಟರರ ಹುಕುಂ ಇಲ್ಲದೆ ದಿಬ್ಬದ ಮೀನಿಗೆ ದ್ವೀಪದವರೇ ಕೊಟ್ಟ ರಜೆ ಅದು.

2025ರ ಜುಲೈಯಲ್ಲಿ ಲಕ್ಷದ್ವೀಪದ ಆಡಳಿತ ಇಡೀ ಬಿತ್ರಾವನ್ನು ರಕ್ಷಣಾ ಉದ್ದೇಶಕ್ಕೆ ವಶಪಡಿಸಿಕೊಳ್ಳುವ ಸಲುವಾಗಿ ಸಾಮಾಜಿಕ ಪರಿಣಾಮ ಅಧ್ಯಯನಕ್ಕೆ ಆದೇಶ ಹೊರಡಿಸಿತು. ದ್ವೀಪದವರೂ ಅವರ ಸಂಸದರೂ ವಿರೋಧಿಸಿದ್ದಾರೆ. ಕಡಮತ್‌ನ ಲಗೂನಿನಲ್ಲಿ ನೀರಿನ ಮೇಲೆ ವಿಲ್ಲಾಗಳನ್ನು ಕಟ್ಟುವ ಪ್ರವಾಸೋದ್ಯಮ ಯೋಜನೆ ಅದಕ್ಕೂ ಮೊದಲಿನಿಂದ ನೀತಿ ಆಯೋಗದ ಪಟ್ಟಿಯಲ್ಲಿದೆ. ಜನಸಂಖ್ಯೆಯಲ್ಲಿ ಇಷ್ಟು ಚಿಕ್ಕದಾದ ಈ ಊರುಗಳ ಮಾತು ದೆಹಲಿಗೆ ಕೇಳುವುದು ಕಷ್ಟ. ಗಡಿಯಲ್ಲಿ ಕೂತು ಅರ್ಜಿ ಬರೆದು ಬರೆದು ದಣಿದ ಕಾಸರಗೋಡಿನ ಕನ್ನಡಿಗರಿಗೆ ಅದು ಚೆನ್ನಾಗಿ ಗೊತ್ತಿರಬೇಕು. ಒಂದೇ ವಾಕ್ಯದಲ್ಲಿ ಒಟ್ಟಿಗೆ ಹೊರಗೆ ಹೋದವರು ನಾವು. ಬಿತ್ರಾ, ಕಡಮತ್‌ಗಳ ಪರವಾಗಿ ಬದಿಯಡ್ಕದಿಂದಲೂ ನಾಲ್ಕು ಅರ್ಜಿ ಹೋಗಲಿ.